ಮೂಲದಲ್ಲಿ ಇಲ್ಲದ ಸಾಲು

ಮೂಡುಬಿದಿರೆಯ ಪದ್ಮಯ್ಯನನ್ನು ಯಾರಾದರೂ ಬರಹಗಾರ ಎಂದು ಕರೆದರೆ ಅವನಿಗೆ ಸಿಟ್ಟು ಬರುತ್ತಿತ್ತು. ಕಡಿಮೆಯೆಂದರೂ ಮುನ್ನೂರು ಪುಸ್ತಕಗಳನ್ನು ಕೈಯಾರೆ ಬರೆದ ಮನುಷ್ಯ; ಅವುಗಳಲ್ಲಿ ಒಂದು ಅಕ್ಷರವೂ ತನ್ನದಲ್ಲ ಎಂಬುದೇ ಅವನ ದೊಡ್ಡಸ್ತಿಕೆ. "ನಾನು ಪ್ರತಿ ಮಾಡುವವ ಮಾರಾಯ್ರೆ. ಬರೆದವರು ಬೇರೆ. ಅವರು ತೀರಿಹೋಗಿ ನಾನೂರು ವರ್ಷ ಆಯ್ತು" ಎಂದು ಹೇಳಿ ಎದುರಿಗಿದ್ದವರ ಹೊಗಳಿಕೆಗೆ ತಣ್ಣೀರೆರಚುತ್ತಿದ್ದ.

ಕಸುಬು ತಂದೆಯಿಂದ ಬಂದದ್ದು. ತಂದೆ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುತ್ತಿದ್ದರು. ಮಗನ ಕಾಲಕ್ಕೆ ದಪ್ಪ ಕಾಗದ, ಟಾಕು, ಮಸಿಕುಡಿಕೆ ಬಂದವು. ಸಲಕರಣೆ ಬದಲಾದರೂ ತಂದೆ ಹಾಕಿಕೊಟ್ಟ ಕಟ್ಟಳೆ ಬದಲಾಗಲಿಲ್ಲ. ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಬೇಕು. ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೇ ಬರೆಯಬೇಕು. ಹುಳ ತಿಂದ ಜಾಗದಲ್ಲಿ ಎಷ್ಟು ಅಕ್ಷರ ಹೋಗಿರಬಹುದೋ ಅಷ್ಟು ಜಾಗ ಖಾಲಿ ಬಿಡಬೇಕು, ಊಹಿಸಿ ತುಂಬಿಸಬಾರದು. ಎಳೆಯ ವಯಸ್ಸಿನಲ್ಲಿ ಪದ್ಮಯ್ಯ ಒಮ್ಮೆ ಅಂಥದೊಂದು ತೂತಿನಲ್ಲಿ, ಇಲ್ಲಿ 'ಮಳೆ' ಎಂದೇ ಇದ್ದಿರಬೇಕು ಎಂದುಕೊಂಡು ಬರೆದುಬಿಟ್ಟಿದ್ದ. ತಂದೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮೂರು ದಿನ ಬರೆಯುವ ಮಣೆಯ ಹತ್ತಿರ ಸುಳಿಯಗೊಡಲಿಲ್ಲ. ಆ ಮೂರು ದಿನವನ್ನು ಅವನು ಆಯುಷ್ಯವಿಡೀ ಮರೆಯಲಿಲ್ಲ.

ಐವತ್ತರ ದಶಕದಲ್ಲಿ, ಅಚ್ಚಿನ ಪುಸ್ತಕ ಸಂತೆಯಲ್ಲಿ ಸಿಗುವಾಗ, ಕೈಬರಹ ಯಾರಿಗೆ ಬೇಕು ಎಂದು ಕೇಳಬಹುದು. ಬೇಕಾದವರು ಹೆಂಗಸರು. ಜೈನರ ಮನೆಯ ಹೆಂಗಸರು ನೋಂಪಿ ಹಿಡಿಯುತ್ತಾರೆ. ಐದು ವರ್ಷವೋ ಒಂಬತ್ತು ವರ್ಷವೋ, ವರ್ಷಕ್ಕೊಮ್ಮೆ ಉಪವಾಸ ಮಾಡಿ, ಪೂಜೆ ಮಾಡಿಸಿ, ಆ ನೋಂಪಿಯ ಕಥೆ ಕೇಳುತ್ತಾರೆ. ಕೊನೆಯ ವರ್ಷ ಉದ್ಯಾಪನೆ ಮಾಡಿ ವ್ರತ ಮುಗಿಸುವಾಗ ಅದೇ ಕಥೆಯ ಐದು ಪ್ರತಿ ಬರೆಸಿ ಬಸದಿಗಳಿಗೆ ದಾನ ಕೊಡಬೇಕು. ಅದಕ್ಕೆ ಶಾಸ್ತ್ರದಾನ ಎಂದು ಹೆಸರು. ಅಚ್ಚಿನ ಪುಸ್ತಕ ಕೊಟ್ಟರೂ ನಡೆಯುತ್ತದೆ ಎಂದು ಬಸದಿಯ ಪುರೋಹಿತರಾದ ಇಂದ್ರರು ಹೇಳುತ್ತಿದ್ದರು. ಹೆಂಗಸರು ಒಪ್ಪಬೇಕಲ್ಲ! ಯಂತ್ರ ಒತ್ತಿದ ಪುಸ್ತಕಕ್ಕೆ ಯಾರ ಬೆನ್ನು ನೋಯಿತು ಎಂಬುದು ಅವರ ಪ್ರಶ್ನೆ. ಹಾಗಾಗಿ ಬಂಟ್ವಾಳದಿಂದ ಅಳದಂಗಡಿಯವರೆಗೆ ಯಾರ ಮನೆಯಲ್ಲಿ ಉದ್ಯಾಪನೆಯಿದ್ದರೂ ಪದ್ಮಯ್ಯನಿಗೆ ಹೇಳಿಕೆ ಬರುತ್ತಿತ್ತು.

ಈ ಕೆಲಸ ಒಬ್ಬರಿಂದ ಆಗುವಂಥದಲ್ಲ. ಒಬ್ಬರು ಮೂಲವನ್ನು ಓದಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಓದಿ ಹೇಳುತ್ತಿದ್ದವಳು ಹೆಂಡತಿ ಶಶಿಪ್ರಭಾ. ಮೂಲವನ್ನು ಮರದ ಪೀಠದ ಮೇಲಿಟ್ಟು, ಅಡುಗೆಮನೆಯ ಹೊಸ್ತಿಲಿನ ಹತ್ತಿರ ಕೂತು, ಒಂದು ಕಣ್ಣು ಪುಸ್ತಕದ ಮೇಲೆ ಒಂದು ಕಣ್ಣು ಒಲೆಯ ಮೇಲೆ ಇಟ್ಟು ಓದುತ್ತಿದ್ದಳು. "ರಾಣಿಯು ಮುನಿಗಳ ಪಾದಕ್ಕೆರಗಿ — ಏ ಬೆಕ್ಕೇ, ಹೋಗಾಚೆ — ತನ್ನ ಹಿಂದಿನ ಜನ್ಮದ ವೃತ್ತಾಂತವನ್ನು ಕೇಳಲಾಗಿ —" ಹೀಗೆ. ಬೆಕ್ಕು ಪುಸ್ತಕದೊಳಗೆ ಬರದಂತೆ ನೋಡಿಕೊಳ್ಳುವುದು ಪದ್ಮಯ್ಯನ ಕೈಗೆ ರೂಢಿಯಾಗಿತ್ತು. ಹದಿನಾರು ವರ್ಷ ಹಾಗೆ ಬರೆದವನಿಗೆ ಅವಳ ದನಿ ಕಿವಿಗೆ ಬೀಳುತ್ತದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಅವಳು ಓದಿದ್ದು ನೆಟ್ಟಗೆ ಬೆರಳಿಗೇ ಇಳಿಯುತ್ತಿತ್ತು.

ಒಂದೇ ಒಂದು ಸಲ ಎಡವಟ್ಟಾಯಿತು. ಬರೆದು ಮುಗಿದ ಮೇಲೆ ಮೂಲಕ್ಕೂ ಪ್ರತಿಗೂ ತಾಳೆ ನೋಡುವುದಿತ್ತಲ್ಲ, ಆಗ ಪ್ರತಿಯನ್ನು ಓದುತ್ತಿದ್ದ ಶಶಿಪ್ರಭಾ ಮುಂದೆ ಓದಲಾರದೆ ನೆಲಕ್ಕೆ ಬಿದ್ದು ನಕ್ಕಳು. ಪುಸ್ತಕದಲ್ಲಿ ಮುನಿಗಳು ಗಂಭೀರವಾಗಿ ಹೇಳಿದ್ದರು: 'ಎಲೈ ರಾಣಿಯೇ ಕೇಳು, ಅಯ್ಯೋ ಹಾಲು ಉಕ್ಕಿತು.' ಪದ್ಮಯ್ಯ ನಗಲಿಲ್ಲ. ಆ ಹಾಳೆ ಹರಿದು ಹೊಸದಾಗಿ ಬರೆದ. ಮರುದಿನ ಊಟಕ್ಕೆ ಕೂತಾಗ, ತುತ್ತು ಬಾಯಲ್ಲಿರುವಾಗಲೇ ನಗು ಒತ್ತರಿಸಿ ಬಂದು ಕೆಮ್ಮಿದ, ಕೆಮ್ಮುತ್ತಲೇ ನಕ್ಕ.

ಶಶಿಪ್ರಭೆಯೂ ಒಂಬತ್ತು ವರ್ಷದ ನೋಂಪಿ ಹಿಡಿದಿದ್ದಳು. ಮಕ್ಕಳಿಲ್ಲದ ಮನೆ, ಅದಕ್ಕಾಗಿ ಹಿಡಿದದ್ದು ಎಂದು ನೆರೆಯವರು ಹೇಳುತ್ತಿದ್ದರು, ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ. "ನನ್ನ ಉದ್ಯಾಪನೆಗೆ ಐದು ಪ್ರತಿ ನೀವೇ ಬರೆಯಬೇಕು. ಓದಿ ಹೇಳ್ಲಿಕ್ಕೆ ಮಾತ್ರ ನಾನು ಬರುವುದಿಲ್ಲ. ವ್ರತ ಮಾಡಿದ್ದೂ ನಾನು, ಕೆಲಸ ಮಾಡುವುದೂ ನಾನಾ?" ಎಂದು ಗಂಡನನ್ನು ಕೆಣಕುತ್ತಿದ್ದಳು. ನಾಲ್ಕು ವರ್ಷ ಮುಗಿಯಿತು. ಜಿಲ್ಲೆ ಮದರಾಸಿನ ಕೈಯಿಂದ ಮೈಸೂರಿನ ಕೈಗೆ ಹೋದ ಐವತ್ತಾರನೆಯ ಇಸವಿಯಲ್ಲಿ ಅವಳಿಗೆ ಕಾಮಾಲೆ ಬಂತು. ಹನ್ನೆರಡು ದಿನ ಮಲಗಿದಳು. ಹದಿಮೂರನೆಯ ದಿನ ಇರಲಿಲ್ಲ.

ಪದ್ಮಯ್ಯ ಅಳಲಿಲ್ಲ. ಗಟ್ಟಿ ಮನುಷ್ಯ ಎಂದು ಊರು ಮೆಚ್ಚಿತು. ಊರಿಗೇನು, ಅಳದವನು ಗಟ್ಟಿ ಎಂದು ಅದು ಮೊದಲಿನಿಂದಲೂ ನಂಬಿಕೊಂಡು ಬಂದಿದೆ.

ಎರಡು ತಿಂಗಳ ಮೇಲೆ ಬಂಟ್ವಾಳದ ಅಮ್ಮಣ್ಣಿಯಮ್ಮನಿಂದ ಹೇಳಿಕೆ ಬಂತು. ದೊಡ್ಡ ಮನೆಯ ಹಿರಿಯ ಹೆಂಗಸು. ಒಂಬತ್ತು ವರ್ಷದ ನೋಂಪಿ ಮುಗಿಯುವುದರಲ್ಲಿತ್ತು. ಪದ್ಮಯ್ಯ ಮಣೆಯ ಮುಂದೆ ಕೂತ. ಒಬ್ಬನೇ ಮೂಲವನ್ನು ನೋಡಬೇಕು, ಕಾಗದವನ್ನೂ ನೋಡಬೇಕು. ಕಣ್ಣು ಅತ್ತಿತ್ತ ಓಡಿ ಓಡಿ ಸಾಲು ತಪ್ಪುತ್ತಿತ್ತು. ನಾಲ್ಕು ದಿನದಲ್ಲಿ ಒಂದು ಪುಟ. ಐದನೆಯ ದಿನ ಬೆಳಿಗ್ಗೆ, ಹೊಸ್ತಿಲಿನ ಕಡೆಯಿಂದ, ಯಾವತ್ತಿನ ಹಾಗೆಯೇ, ಶಶಿಪ್ರಭಾ ಓದಲು ಶುರು ಮಾಡಿದಳು.

ಅವನಿಗೆ ಹೆದರಿಕೆಯಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಸಿದವನ ಎದುರು ಎಲೆ ಹಾಕಿದ ಹಾಗಾಯಿತು. ತಲೆಯೆತ್ತಿ ನೋಡಿದರೆ ದನಿ ನಿಂತೀತು ಎಂದು ತಲೆಯೆತ್ತದೆ ಬರೆದ. ವಾರದೊಳಗೆ ಒಂದು ಪ್ರತಿ ಮುಗಿಯಿತು. ತಾಳೆ ನೋಡಬೇಕಿತ್ತು, ನೋಡಲಿಲ್ಲ; ಅವಳು ಓದಿದ ಮೇಲೆ ತಪ್ಪು ಎಲ್ಲಿಂದ? ಮೊದಲನೆಯ ಪ್ರತಿಯನ್ನು ಮುಂದಿಟ್ಟುಕೊಂಡು ಉಳಿದ ನಾಲ್ಕನ್ನು ಇಳಿಸಿದ. ಐದರಲ್ಲೂ ಒಂದು ಕೊಂಬು, ಒಂದು ಸೊನ್ನೆ ಹೆಚ್ಚು ಕಡಿಮೆಯಾಗಲಿಲ್ಲ. ಬಂಟ್ವಾಳ ಪೇಟೆಯ ಮೂಸಾ, ಪದ್ಮಯ್ಯನ ಪುಸ್ತಕಗಳನ್ನು ಹತ್ತು ವರ್ಷದಿಂದ ಹೊಲಿದು ರಟ್ಟು ಕಟ್ಟುತ್ತಿದ್ದವನು, ಈ ಐದನ್ನೂ ಕೆಂಪು ಬಟ್ಟೆಯ ರಟ್ಟು ಹಾಕಿ ಅಮ್ಮಣ್ಣಿಯಮ್ಮನ ಮನೆಗೆ ಮುಟ್ಟಿಸಿದ. ಮೂಸಾನಿಗೆ ಓದಲು ಬರುತ್ತಿತ್ತು; ಕಟ್ಟುವ ಪುಸ್ತಕವನ್ನು ಓದುವ ಚಾಳಿ ಇರಲಿಲ್ಲ.

ಉದ್ಯಾಪನೆಯ ದಿನ ಪದ್ಮಯ್ಯ ಬಸದಿಯ ಕಂಬವೊಂದಕ್ಕೆ ಒರಗಿ ಕೂತಿದ್ದ. ಮುಂದೆ ಹೆಂಗಸರು, ಅವರ ನಡುವೆ ಉಪವಾಸದಿಂದ ಬಾಡಿದ ಅಮ್ಮಣ್ಣಿಯಮ್ಮ. ಇಂದ್ರರು ಹೊಸ ಪ್ರತಿಯೊಂದನ್ನು ಬಿಡಿಸಿ ಕಥೆ ಓದತೊಡಗಿದರು. ರಾಜ್ಯ ಕಳೆದುಕೊಂಡ ರಾಣಿ ಕಾಡಿಗೆ ಬಂದಳು. ಮುನಿಗಳನ್ನು ಕಂಡಳು. ನೋಂಪಿ ಹಿಡಿದಳು. ಎಲ್ಲರಿಗೂ ಬಾಯಿಪಾಠವಾದ ಕಥೆ. ಹೆಂಗಸರು ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. ಇಂದ್ರರು ಅದೇ ರಾಗದಲ್ಲಿ ಮುಂದುವರಿಸಿದರು:

'ಆಗ ರಾಣಿಯು ಹೇಳಿದಳು: ಸ್ವಾಮೀ, ನಾನು ಒಂಬತ್ತು ವರ್ಷದ ನೋಂಪಿ ಹಿಡಿದೆ, ನಾಲ್ಕಕ್ಕೆ ನಿಂತಿತು. ಉಳಿದ ಐದು ವರ್ಷವನ್ನು ಯಾರು ಮಾಡುತ್ತಾರೆ? ಹಾಲನ್ನು ಒಲೆಯ ಮೇಲಿಟ್ಟು ಬಂದಿದ್ದೇನೆ. ಬರೆಯಲು ಕೂತರೆ ಇವರಿಗೆ ಹಾಲು ಉಕ್ಕುವುದು ತಿಳಿಯುವುದಿಲ್ಲ, ಹಸಿವೂ ತಿಳಿಯುವುದಿಲ್ಲ. ಹೊತ್ತು ಮುಳುಗುವ ಮೊದಲು ಇವರನ್ನು ಊಟಕ್ಕೆ ಕರೆಯುವವರು ಯಾರು?'

ಹಾಲಿನ ಸುದ್ದಿ ಇಂದ್ರರಿಗೆ ಹೇಗೆ ಗೊತ್ತಾಯಿತು ಎಂದು ಪದ್ಮಯ್ಯನಿಗೆ ಆಶ್ಚರ್ಯವಾಯಿತು. ಮೊದಲು ಹೊಳೆದದ್ದು ಅದೊಂದೇ.

ಇಂದ್ರರ ರಾಗ ನಿಧಾನವಾಯಿತು, ನಿಂತಿತು. ಪುಟ ಮಗುಚಿದರು, ಇನ್ನೊಂದು ಪುಟ ಮಗುಚಿದರು. ಮೂರು ಪುಟ ಅದೇ ಇತ್ತು. ಆಮೇಲೆ ಏನೂ ಆಗದ ಹಾಗೆ ರಾಣಿಗೆ ರಾಜ್ಯ ತಿರುಗಿ ಸಿಕ್ಕಿ ಕಥೆ ಮುಗಿದಿತ್ತು. ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಅಮ್ಮಣ್ಣಿಯಮ್ಮನ ಮಗ ನೇಮಿರಾಜ ಎದ್ದು ನಿಂತ. "ಇದು ಎಂಥದ್ದು? ನನ್ನ ಅಮ್ಮನ ಒಂಬತ್ತು ವರ್ಷದ ವ್ರತಕ್ಕೆ ಇವರ ಮನೆಯ ಹಾಲು ತಂದು ಚೆಲ್ಲಿದ್ದಾ?" ಎಂದು ಕೂಗಾಡಿದ. ಅಮ್ಮಣ್ಣಿಯಮ್ಮ ಕೂತಲ್ಲಿಂದ ಏಳಲಿಲ್ಲ. "ನೇಮಿ, ಬಸದಿ ಇದು. ಪೂಜೆ ಮುಗಿಯಲಿ" ಎಂದಷ್ಟೇ ಹೇಳಿದರು.

ಪೇಟೆಯಿಂದ ಅಚ್ಚಿನ ಪುಸ್ತಕ ತರಿಸಿ ದಾನ ಮುಗಿಸಿದರು. ಕೆಂಪು ರಟ್ಟಿನ ಪ್ರತಿಗಳನ್ನು ಹೊಳೆಗೆ ಬಿಡುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಮೂರು ಪುಟ ಬಿಟ್ಟರೆ ಉಳಿದದ್ದು ಶಾಸ್ತ್ರವೇ ತಾನೆ? ನೇಮಿರಾಜ ಅವನ್ನು ಪದ್ಮಯ್ಯನ ಕೈಗೆ ತುರುಕಿ, "ನಿಮ್ಮದು ನೀವೇ ಇಟ್ಟುಕೊಳ್ಳಿ" ಎಂದ. ಬಸ್ಸಿನಲ್ಲಿ ಎಣಿಸಿ ನೋಡಿದರೆ ನಾಲ್ಕೇ ಇದ್ದವು. ಐದನೆಯದನ್ನು ಸಿಟ್ಟಿನಲ್ಲಿ ನೇತ್ರಾವತಿಗೆ ಎಸೆದಿರಬೇಕು ಎಂದುಕೊಂಡ.

ಮನೆಗೆ ಬಂದು ಮೂಲವನ್ನೂ ಪ್ರತಿಯನ್ನೂ ಪಕ್ಕ ಪಕ್ಕ ಇಟ್ಟು, ಒಬ್ಬನೇ ಮೂರು ದಿನ ತಾಳೆ ನೋಡಿದ. ಹೆಂಡತಿಯ ದನಿ ಕೇಳಿಸುತ್ತದೆ ಎಂಬುದು ಅವನಿಗೆ ದೊಡ್ಡ ವಿಷಯವಾಗಿರಲಿಲ್ಲ; ಮೂಲದಲ್ಲಿ ಇಲ್ಲದ್ದನ್ನು ತನ್ನ ಕೈ ಬರೆದಿದೆ ಎಂಬುದು ಅವನನ್ನು ನೆಲಕ್ಕೆ ಕುಕ್ಕಿತು. ತೂತಿನಲ್ಲಿ 'ಮಳೆ' ಎಂದು ಬರೆದದ್ದಕ್ಕೆ ಮೂರು ದಿನ ದೂರವಿಟ್ಟ ತಂದೆ, ಮೂರು ಪುಟಕ್ಕೆ ಎಷ್ಟು ಕಾಲ ದೂರ ಇಡುತ್ತಿದ್ದರು? ಪದ್ಮಯ್ಯನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಅಷ್ಟು ಹೊತ್ತಿಗೆ ಮೂಡುಬಿದಿರೆ ದಾಟಿ ಬೆಳ್ತಂಗಡಿ ತಲುಪಿತ್ತು. ಗಟ್ಟಿ ಮನುಷ್ಯ ಎಂದವರೇ ಅದನ್ನು ಹೊತ್ತುಕೊಂಡು ಹೋದದ್ದು.

ಅಳದಂಗಡಿಯಿಂದ ತಂಗಿ ಸ್ವರ್ಣಲತಾ ಓಡಿ ಬಂದಳು. ಗಾಳಿ ಸೋಕಿದೆ, ಯಾರಿಗಾದರೂ ತೋರಿಸಬೇಕು ಎಂದು ಹಟ ಹಿಡಿದಳು. ಬಂಟ್ವಾಳದಿಂದ ಮೂಸಾ ಬಂದ. ಅವನು ಏನೂ ಹಟ ಹಿಡಿಯಲಿಲ್ಲ. ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು, ಆಮೇಲೆ ಕೇಳಿದ.

"ಪದ್ಮಯ್ಯಣ್ಣ, ಈಗಲೂ ಕೇಳ್ತದಾ?"

"ಕೇಳ್ತದೆ."

"ಎಂತ ಹೇಳ್ತಾರೆ?"

"ಹೇಳುವುದಿಲ್ಲ. ಓದ್ತಾಳೆ."

ಮೂಸಾ ತಲೆಯಾಡಿಸಿದ. "ನನ್ನ ತಮ್ಮ ಹೊಳೆಯಲ್ಲಿ ಹೋದ ಮೇಲೆ ನನ್ನ ಉಮ್ಮ ಬೀಯಮ್ಮ ಎರಡು ವರ್ಷ ಅವನಿಗೂ ಒಂದು ಬಟ್ಟಲು ಅನ್ನ ಹಾಕಿ ಇಡ್ತಿದ್ದರು. ಬೀಯಮ್ಮನಿಗೆ ಮರುಳು ಅಂತ ಊರಲ್ಲಿ ಆಯ್ತು. ಮಂತ್ರಿಸಿದ ನೂಲು ಕಟ್ಟಿಸಿದೆವು, ನೀರು ಓದಿಸಿ ಕುಡಿಸಿದೆವು. ಕಡೆಗೆ ನಾನು ಮಂಗಳೂರಿಗೆ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದೆ."

"ಗುಣ ಆಯ್ತಾ?"

"ಬಟ್ಟಲು ಇಡುವುದು ನಿಂತಿತು. ಅಳುವುದು ಶುರುವಾಯ್ತು. ಡಾಕ್ಟ್ರು ಅದನ್ನೇ ಗುಣ ಅಂತ ಹೇಳಿದರು. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುವ. ನಾನು ಒಟ್ಟಿಗೆ ಬರ್ತೇನೆ."

ಮಂಗಳೂರಿನ ಡಾಕ್ಟರು ಇನ್ನೂ ಮೀಸೆ ದಪ್ಪವಾಗದ ಹುಡುಗ. ಆದರೆ ಕೇಳಬೇಕಾದದ್ದನ್ನು ಕೇಳಿದ. ದನಿ ಬೈಯುತ್ತದಾ, ಬಾವಿಗೆ ಹಾರು ಎನ್ನುತ್ತದಾ? ಇಲ್ಲ, ಓದುತ್ತದೆ. ನಿದ್ದೆ? ಇಲ್ಲ. ಊಟ? ನೆನಪಾದರೆ. ದನಿ ನಿಲ್ಲಬೇಕಾ? ಈ ಪ್ರಶ್ನೆಗೆ ಪದ್ಮಯ್ಯ, "ಬರೆಯುವಾಗ ನಿಲ್ಲಬೇಕು" ಎಂದ. ಹಾಗೆ ಬೇಕಾದಾಗ ನಿಲ್ಲಿಸುವ ಮದ್ದು ಇಲ್ಲ ಎಂದು ಡಾಕ್ಟರು ಹೇಳಿ, ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ ಎಂದು ಚೀಟಿ ಬರೆದ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ, ತಾನು ನೀರನ್ನೂ ಮುಟ್ಟುವುದಿಲ್ಲ ಎಂದು ಪದ್ಮಯ್ಯ ತಿಳಿಸಿದ. ಹಾಗಾದರೆ ಮೊದಲೇ ತೆಗೆದುಕೊಳ್ಳಿ ಎಂದಾಯಿತು. ಅಂದಿನಿಂದ ಅವನು ಸಂಜೆ ಆರಕ್ಕೆ ಮಾತ್ರೆ ನುಂಗಿ ಕೋಳಿಗಳ ಜೊತೆಗೆ ನಿದ್ದೆ ಹೋಗುತ್ತಿದ್ದ.

ದನಿ ಒಂದೇ ಸಲ ನಿಲ್ಲಲಿಲ್ಲ. ಮೊದಲು ಶಬ್ದ ಕಲಸಿಹೋಯಿತು, ಆಮೇಲೆ ರಾಗ ಮಾತ್ರ ಉಳಿಯಿತು, ತಿಂಗಳು ಕಳೆಯುವಾಗ ಅದೂ ಇಲ್ಲ. ಹೊಸ್ತಿಲು ಬರೀ ಹೊಸ್ತಿಲಾಯಿತು. ಆಗ ಪದ್ಮಯ್ಯ ಅತ್ತ. ಹೆಂಡತಿ ಸತ್ತಾಗ ಅಳಬೇಕಾಗಿದ್ದದ್ದನ್ನೂ ಸೇರಿಸಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ದನಿ ತೆಗೆದು ಅತ್ತ. ಅವಳು ಎರಡು ಸಲ ಸತ್ತಳು, ಎರಡನೆಯ ಸಲ ತಾನೇ ಮಾತ್ರೆ ನುಂಗಿ ಕೊಂದೆ ಎಂದು ಅವನಿಗೆ ಅನಿಸಿತು. ಅನಿಸಿದ್ದನ್ನು ಮೂಸಾನಿಗೆ ಹೇಳಿದ. ಮೂಸಾ, "ಇದೇ, ಇದೇ. ಗುಣ ಆಗ್ತಾ ಉಂಟು" ಎಂದ.

ಗುಣವೇನೋ ಆಯಿತು. ಕೈ ಮಾತ್ರ ಹೋಯಿತು. ಟಾಕು ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಮೂಲಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಮಠಕ್ಕೆ ಒಪ್ಪಿಸಿ, ಮನೆಗೆ ಬೀಗ ಹಾಕಿ, ಐವತ್ತೇಳರ ಬೇಸಗೆಯಲ್ಲಿ ಅವನು ತಂಗಿಯ ಜೊತೆ ಅಳದಂಗಡಿಗೆ ಹೋದ. ನಾಲ್ಕು ಕೆಂಪು ಪುಸ್ತಕಗಳನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿ ಹಾಕಿಕೊಂಡಿದ್ದ. ತೆರೆದು ನೋಡಲಿಲ್ಲ.

ಅಳದಂಗಡಿಯಲ್ಲಿ ಅವನಿಗೆ ಸಿಕ್ಕಿದ್ದು ತರಕಾರಿಯ ಕೆಲಸ. ಸ್ವರ್ಣಲತೆಯ ಗಂಡನ ಗದ್ದೆಯ ಅಂಚಿನಲ್ಲಿ ಅಲಸಂಡೆ, ಸೌತೆ, ಹೀರೆ. ನೆಲ ಅಗೆದು ಗೆಡ್ಡೆ ಕೀಳುವ ಬೆಳೆ ಜೈನರ ಮನೆಗೆ ಬೇಡ. ಬಳ್ಳಿ ಹಬ್ಬುವುದು ಸಾಕು. ಬಳ್ಳಿಗೆ ಕೋಲು ನೆಡುವುದು, ಬಾಳೆನಾರಿನಿಂದ ಕಟ್ಟುವುದು ಅವನಿಗೆ ಹಿಡಿಸಿತು. ಸಾಲು ನೆಟ್ಟಗಿರಬೇಕು, ಕೋಲಿಗೂ ಕೋಲಿಗೂ ಒಂದೇ ಅಂತರ ಇರಬೇಕು. ನೋಡಿದವರು, "ನಿನ್ನ ಅಣ್ಣನ ಅಲಸಂಡೆ ಕಾಪಿ ಪುಸ್ತಕದ ಹಾಗೆ ಉಂಟಲ್ಲ ಮಾರಾಯ್ತಿ" ಎಂದು ಸ್ವರ್ಣಲತೆಗೆ ತಮಾಷೆ ಮಾಡುತ್ತಿದ್ದರು. ಮೂರು ವರ್ಷದಲ್ಲಿ ಮೈ ತುಂಬಿಕೊಂಡಿತು. ಮಾತ್ರೆ ಅರ್ಧವಾಯಿತು, ಆಮೇಲೆ ಡಾಕ್ಟರೇ ನಿಲ್ಲಿಸಿದ.

ಅಕ್ಷರಕ್ಕೆ ಮಾತ್ರ ಅವನು ಹತ್ತಿರ ಹೋಗಲಿಲ್ಲ. ಅರವತ್ತನೆಯ ಇಸವಿಯಲ್ಲಿ ಭಾವನ ಜಾಗದ ಕಾಗದವೊಂದಕ್ಕೆ ಸಾಕ್ಷಿಯಾಗಿ ಬೆಳ್ತಂಗಡಿಯ ಕಚೇರಿಗೆ ಹೋದಾಗ, ಮೂರು ತಾಲೂಕಿನಲ್ಲಿ ಅಂಥ ಅಕ್ಷರ ಇನ್ನೊಂದಿಲ್ಲ ಎಂದು ಹೆಸರಾದವನು ಹೆಬ್ಬೆರಳು ಮುಂದೆ ಚಾಚಿದ. ಗುಮಾಸ್ತ ಮಸಿ ಹಚ್ಚಿ ಒತ್ತಿಸಿಕೊಂಡು, "ಈ ವಯಸ್ಸಿನವರಿಗೆ ಶಾಲೆಯೇ ಇರಲಿಲ್ಲ, ಪಾಪ"  ಎಂದು ಪಕ್ಕದವನಿಗೆ ಹೇಳಿದ. ಭಾವನಿಗೆ ನೆಲ ಬಿರಿಯಬಾರದೇ ಎನಿಸಿತು. ಪದ್ಮಯ್ಯ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಬಂದ.

ಬಳ್ಳಿ ಕಟ್ಟುವಾಗ ಅವನು ಯೋಚಿಸುತ್ತಿದ್ದದ್ದು ಒಂದೇ. ಆ ಮಾತುಗಳು ಯಾರವು? ಶಶಿಪ್ರಭಾ ಬದುಕಿದ್ದಾಗ ಹಾಗೆಲ್ಲ ಹೇಳಿದವಳಲ್ಲ. ಉಳಿದ ಐದು ವರ್ಷ ಯಾರು ಮಾಡುತ್ತಾರೆ ಎಂದು ಅವಳು ಕೇಳಿರಲಿಲ್ಲ. ಹನ್ನೆರಡು ದಿನವೂ ಕೇಳಿದ್ದು ನೀರು ಮಾತ್ರ. ಅವಳದಲ್ಲದಿದ್ದರೆ ತನ್ನದೇ ಎಂದಾಯಿತು. ತನ್ನದಾದರೆ ತಂದೆಯ ಕಟ್ಟಳೆ ಮುರಿದವನು ತಾನು. ಅಲ್ಲ, ಕಾಯಿಲೆಯದು ಎಂದರೆ ಮನಸ್ಸಿಗೆ ಹಗುರ; ಆದರೆ ಹಾಗೆಂದುಕೊಂಡ ಕೂಡಲೇ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಯಾಕೆಂದರೆ, ತನ್ನೊಳಗೆ ಮುಚ್ಚಿಟ್ಟರೂ ಸುಳ್ಳಾಗದ ಮಾತು, ಮುನ್ನೂರು ಪುಸ್ತಕಗಳಲ್ಲಿ ಬರೆಯುವಾಗ ಅವನಿಗೆ ಸಂತೋಷ ಕೊಟ್ಟದ್ದು ಆ ಮೂರು ಪುಟ ಮಾತ್ರ. ಒಮ್ಮೆ ಬಂದಿದ್ದ ಮೂಸಾನನ್ನು ಕೇಳಿಯೂ ಕೇಳಿದ.

"ಜ್ವರದಲ್ಲಿ ಆಡಿದ ಮಾತು ಜ್ವರದ್ದಾ, ಮನುಷ್ಯನದ್ದಾ?"

ಮೂಸಾ ಎಳೆ ಅಲಸಂಡೆಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಯೋಚಿಸಿದ. "ನನಗೆ ಗೊತ್ತಿಲ್ಲ ಪದ್ಮಯ್ಯಣ್ಣ. ನಾನು ಹೊರಗಿನ ರಟ್ಟು ಕಟ್ಟುವವ."

ಅರವತ್ತೆರಡರ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಸ್ವರ್ಣಲತೆಯ ಮನೆಯ ಅಂಗಳಕ್ಕೆ ಬಾಡಿಗೆ ಕಾರೊಂದು ಬಂತು. ಮುಂದಿನ ಸೀಟಿನಿಂದ ಮೂಸಾ ಇಳಿದ. ಹಿಂದಿನಿಂದ, ಅವನ ಕೈ ಹಿಡಿದುಕೊಂಡು, ಅಮ್ಮಣ್ಣಿಯಮ್ಮ ಇಳಿದರು. ಎಪ್ಪತ್ತು ದಾಟಿತ್ತು, ಮೈ ಇಳಿದುಹೋಗಿತ್ತು. ಕಂಕುಳಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕವಿತ್ತು. ತೋಟದಿಂದ ಬಂದ ಪದ್ಮಯ್ಯ ಮಣ್ಣಿನ ಕೈಯಲ್ಲೇ ನಿಂತುಬಿಟ್ಟ. ಬಟ್ಟೆಯ ಸಂದಿನಿಂದ ಕೆಂಪು ರಟ್ಟು ಕಾಣುತ್ತಿತ್ತು.

"ಐದನೆಯದು" ಎಂದರು ಅಮ್ಮಣ್ಣಿಯಮ್ಮ, ಜಗಲಿಯಲ್ಲಿ ಕೂತು ಉಸಿರು ತಿರುಗಿದ ಮೇಲೆ. "ನೇಮಿಗೆ ಗೊತ್ತಾಗದ ಹಾಗೆ ನಾನು ಸೆರಗಿನ ಒಳಗೆ ಇಟ್ಟುಕೊಂಡದ್ದು."

"ಅಮ್ಮ, ಆ ದಿನ ನನ್ನಿಂದ ನಿಮ್ಮ ವ್ರತ..."

"ನನ್ನ ವ್ರತಕ್ಕೆ ಏನೂ ಆಗಲಿಲ್ಲ. ನಾನು ಹೇಳುವುದನ್ನು ಕೇಳಿ. ಒಂಬತ್ತು ವರ್ಷ ನಾನು ಆ ರಾಣಿಯ ಕಥೆ ಕೇಳಿದೆ. ರಾಜ್ಯ ಹೋಯ್ತು, ಬಂತು. ನನ್ನ ಕಣ್ಣಲ್ಲಿ ಒಂದು ಹನಿ ಬಂದದ್ದಿಲ್ಲ. ಆ ದಿನ ಬಂತು. ನಿಮ್ಮ ಹೆಂಡತಿ ಕೇಳಿದಳು, ಉಳಿದ ಐದು ವರ್ಷ ಯಾರು ಮಾಡ್ತಾರೆ ಅಂತ. ಅಷ್ಟು ಜನರ ಎದುರು, ಬಸದಿಯಲ್ಲಿ ಕೇಳಿದಳು. ಕೇಳಿಯೂ ಕೇಳದ ಹಾಗೆ ಕೂರ್ಲಿಕ್ಕೆ ಆಗ್ತದಾ?"

ಪದ್ಮಯ್ಯನಿಗೆ ಅರ್ಥವಾಗಲಿಲ್ಲ. ಮೂಸಾನ ಮುಖ ನೋಡಿದ. ಮೂಸಾ ಅಂಗಳದ ಕಡೆ ನೋಡುತ್ತಿದ್ದ.

"ನಾನು ಮಾಡಿದೆ" ಎಂದರು ಅಮ್ಮಣ್ಣಿಯಮ್ಮ. "ಐವತ್ತೇಳರಿಂದ ಅರವತ್ತೊಂದರವರೆಗೆ, ಐದು ವರ್ಷ. ಅವಳ ಹೆಸರು ಹೇಳಿ ಉಪವಾಸ ಮಾಡಿದೆ, ಪೂಜೆ ಮಾಡಿಸಿದೆ. ಒಬ್ಬರ ಪುಣ್ಯ ಇನ್ನೊಬ್ಬರಿಗೆ ಹೋಗುವುದಿಲ್ಲ, ಶಾಸ್ತ್ರದಲ್ಲಿ ಇಲ್ಲ ಅಂತ ಇಂದ್ರರು ಹೇಳಿದರು. ಇಲ್ಲದಿದ್ದರೆ ಬೇಡ. ಪುಣ್ಯ ಕಳಿಸ್ಲಿಕ್ಕೆ ನಾನು ಮಾಡಿದ್ದಲ್ಲ, ಕೇಳಿದ್ದಕ್ಕೆ ಮಾಡಿದ್ದು. ಈಗ ಉದ್ಯಾಪನೆ ಆಗಬೇಕು. ಐದು ಪ್ರತಿ ಬೇಕು. ಇದೇ ಪುಸ್ತಕದ್ದು. ಇದರಲ್ಲಿ ಹೇಗೆ ಉಂಟೋ ಹಾಗೆ."

ಪದ್ಮಯ್ಯ ಜಗಲಿಯ ಅಂಚಿನಲ್ಲಿ ಕೂತ. "ಕೈ ಬರುವುದಿಲ್ಲಮ್ಮ. ಓದಿ ಹೇಳುವವರೂ ಇಲ್ಲ" ಎಂದ.

"ನಾನು ಓದ್ತೇನೆ. ನಿಧಾನ ಆಗ್ತದೆ. ಕೈ ಬರದಿದ್ದರೆ ಬರುವವರೆಗೆ ಕೂತಿರ್ತೇನೆ. ಬಟ್ಟೆ ತಂದಿದ್ದೇನೆ."

ತಂದದ್ದು ನಿಜ. ಮೂಸಾ ಕಾರಿನಿಂದ ಪೆಟ್ಟಿಗೆ ಇಳಿಸಿದ, ಕಾಗದದ ಕಟ್ಟು ಇಳಿಸಿದ, ಹೊಸ ಟಾಕುಗಳನ್ನೂ ಇಳಿಸಿದ. ಹಟ ಹಿಡಿಯಲು ಗೊತ್ತಿದ್ದವರು ಆ ಕಾಲದಲ್ಲಿ ಹೀಗೆ ತಯಾರಾಗಿಯೇ ಬರುತ್ತಿದ್ದರು.

ಮರುದಿನ ಬೆಳಿಗ್ಗೆ ಶುರುವಾಯಿತು. ಮೊದಲ ಹಾಳೆ ಮಸಿ ಚೆಲ್ಲಿ ಹೋಯಿತು, ಎರಡನೆಯದು ಸಾಲು ಓರೆಯಾಗಿ ಹೋಯಿತು. ಅಮ್ಮಣ್ಣಿಯಮ್ಮ ಪುನಃ ಮೊದಲ ಸಾಲಿನಿಂದ ಓದಿದರು. ಅವರ ಓದಿನಲ್ಲಿ ಬೆಕ್ಕು ಇರಲಿಲ್ಲ, ಒಲೆ ಇರಲಿಲ್ಲ. ಎರಡು ಶಬ್ದಕ್ಕೊಮ್ಮೆ ಮುದುಕಿಯ ಉಸಿರು ಇತ್ತು. ಪದ್ಮಯ್ಯ ಪ್ರತಿಯೊಂದು ಶಬ್ದವನ್ನೂ ಕಿವಿಗೊಟ್ಟು ಕೇಳಿ, ಅರ್ಥ ಮಾಡಿಕೊಂಡು ಬರೆಯಬೇಕಾಯಿತು. ಹಾಗೆ ಅವನು ಹಿಂದೆಂದೂ ಬರೆದಿರಲಿಲ್ಲ. ಮಧ್ಯಾಹ್ನ ದಾಟುವಾಗ ಅಕ್ಷರ ದುಂಡಗಾಯಿತು.

ಸಂಜೆಯ ಹೊತ್ತಿಗೆ ಆ ಜಾಗ ಬಂತು. 'ಉಳಿದ ಐದು ವರ್ಷವನ್ನು ಯಾರು ಮಾಡುತ್ತಾರೆ?' ಅವನು ಬರೆದ. ಹಾಲು ಬಂತು, ಬರೆದ. 'ಹೊತ್ತು ಮುಳುಗುವ ಮೊದಲು ಇವರನ್ನು ಊಟಕ್ಕೆ ಕರೆಯುವವರು ಯಾರು?' ಎಂದು ಅಮ್ಮಣ್ಣಿಯಮ್ಮ ಓದಿ ಉಸಿರು ಎಳೆದುಕೊಳ್ಳುವಾಗ, ಒಳಗಿನಿಂದ ಸ್ವರ್ಣಲತಾ, ಐದು ವರ್ಷದಿಂದ ದಿನವೂ ಕರೆಯುತ್ತಿದ್ದ ಹಾಗೆಯೇ ಕರೆದಳು: "ಅಣ್ಣಾ, ಹೊತ್ತು ಮುಳುಗ್ತದೆ, ಊಟಕ್ಕೆ ಏಳಿ."

ಟಾಕು ಕೆಳಗಿಟ್ಟು ಪದ್ಮಯ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಮ್ಮಣ್ಣಿಯಮ್ಮ ಪುಸ್ತಕಕ್ಕೆ ದಾರ ಇಟ್ಟು ಮಡಚಿದರು. ಆ ದಿನಕ್ಕೆ ಅಷ್ಟೇ ಸಾಕೆಂದು ಇಬ್ಬರೂ ಊಟಕ್ಕೆ ಎದ್ದರು.

ಮರುದಿನ ಅಮ್ಮಣ್ಣಿಯಮ್ಮ ಪೂಜೆ ಮುಗಿಸಿ ಬರುವ ಮೊದಲೇ ಪದ್ಮಯ್ಯ ಮಣೆಯ ಮುಂದೆ ಕೂತಿದ್ದ. ನಾಲ್ಕನೆಯ ದಿನ ಮೊದಲ ಪ್ರತಿ ಮುಗಿಯಿತು. ತಾಳೆ ನೋಡಲೇಬೇಕು ಎಂದು ಪದ್ಮಯ್ಯನೇ ಹೇಳಿದ. ಅವನು ಕೆಂಪು ಪುಸ್ತಕವನ್ನು ಹಿಡಿದುಕೊಂಡ, ಅಮ್ಮಣ್ಣಿಯಮ್ಮ ಹೊಸ ಪ್ರತಿಯನ್ನು ಓದಿದರು. ಒಂದು ಕೊಂಬೂ ತಪ್ಪಿರಲಿಲ್ಲ. ಊಟಕ್ಕೆ ಕರೆಯುವವರು ಯಾರು ಎಂಬಲ್ಲಿಗೆ ಬಂದು, ಮುಂದಿನ ಸಾಲಿಗೆ ಹೋದವರು ಅಲ್ಲಿಯೇ ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಪುನಃ ಓದಿದರು.

'ಆ ಐದು ವರ್ಷವನ್ನು ಬಂಟ್ವಾಳದ ಅಮ್ಮಣ್ಣಿ ಎಂಬವರು ಮಾಡಿದರು. ಇವರನ್ನು ಊಟಕ್ಕೆ ತಂಗಿ ಕರೆಯುತ್ತಾಳೆ. ರಾಣಿಯು ಇನ್ನು ಒಲೆಯ ಚಿಂತೆ ಬಿಡಬಹುದು.'

"ಇದು ಮೂಲದಲ್ಲಿ ಇಲ್ಲ" ಎಂದರು.

"ಇಲ್ಲ."

ಅಮ್ಮಣ್ಣಿಯಮ್ಮನ ಮುಖದಲ್ಲಿ ಗಾಬರಿ ಕಂಡಿತು. ಮೆಲ್ಲಗೆ ಕೇಳಿದರು: "ಪದ್ಮಯ್ಯ, ಪುನಃ ಕೇಳಿತಾ?"

"ಇಲ್ಲಮ್ಮ. ಮೊನ್ನೆ ಬೆಳಿಗ್ಗೆ ನೀವು ಪೂಜೆಯಲ್ಲಿ ಇದ್ದಿರಿ. ಯಾರೂ ಓದಿ ಹೇಳಲಿಲ್ಲ. ನಾನೇ ಬರೆದೆ."

ಅಮ್ಮಣ್ಣಿಯಮ್ಮ ಅವನನ್ನೇ ನೋಡಿದರು. ಅವನು ಕಣ್ಣು ತಗ್ಗಿಸಲಿಲ್ಲ. ಮುದುಕಿ ಪ್ರತಿಯನ್ನು ಪೀಠದ ಮೇಲೆ ಸರಿಯಾಗಿ ಇಟ್ಟು, ಪುಟವನ್ನು ಕೈಯಿಂದ ಸವರಿದರು.

"ಹಾಗಾದರೆ ಉಳಿದ ನಾಲ್ಕನ್ನು ಇದನ್ನು ನೋಡಿ ಬರೆಯಿರಿ. ಐದರಲ್ಲಿಯೂ ಒಂದೇ ರೀತಿ ಇರಲಿ."

ಪದ್ಮಯ್ಯ ಹೊಸ ಹಾಳೆ ತೆಗೆದುಕೊಂಡ. ಅಮ್ಮಣ್ಣಿಯಮ್ಮ ಮೊದಲ ಸಾಲಿನಿಂದ ಓದತೊಡಗಿದರು.